ಲಾರಿಯೊಳಗಿನ ಕಣ್ಣು, ಮನೆಯೊಳಗಿನ ನನ್ನ ಬಾಯಿ

ಅಜ್ಜಿಯಾದ ಮೇಲೆ ಹೆಂಗಸಿಗೆ ಬಾಯಿ ಮುಚ್ಚಿಕೊಂಡು ಕೂರುವುದು ಬಹಳ ಕಷ್ಟ. ತಾಯಿಯಾದಾಗ ನನಗೆ ಹೀಗಿರಲಿಲ್ಲ. ಮೋಹನ ಹುಟ್ಟಿದಾಗ ಅತ್ತೆ, ಮಾವ, ನಾದಿನಿಯರು ಮನೆ ತುಂಬ ಇದ್ದರು. ಸಂತೋಷವನ್ನೂ ಅವರ ಅಪ್ಪಣೆ ಕೇಳಿ ಪಡಬೇಕಾಗಿತ್ತು. ಈಗ ಆ ಮೋಹನನಿಗೇ ಮಗಳು ಹುಟ್ಟಿದ್ದಾಳೆ, ನನ್ನನ್ನು ಹಿಡಿಯುವವರು ಯಾರೂ ಇಲ್ಲ. ಗೌರಿ ಆಕಳಿಸಿದಳು ಅಂತ ಪಕ್ಕದ ಫ್ಲ್ಯಾಟಿನವರಿಗೆ ಹೇಳಿದ್ದೇನೆ, ಲಿಫ್ಟಿನ ಹತ್ತಿರ ಕೂರುವ ವಾಚ್‌ಮನ್ನಿಗೆ ಹೇಳಿದ್ದೇನೆ, ಮೀನು ಮಾರುವವನಿಗೂ ಹೇಳಿದ್ದೇನೆ. ನಾವು ಮೀನು ತಿನ್ನುವವರಲ್ಲ, ಆದರೂ ಕರೆದು ನಿಲ್ಲಿಸಿ ಹೇಳಿದೆ. ಅವನಿಗೆ ಕನ್ನಡ ಬಾರದು, ನನ್ನ ಮಲಯಾಳವೋ ಅರ್ಧಂಬರ್ಧ. ಹಾಗಾಗಿ ನಾನೇ ಆಕಳಿಸಿ ತೋರಿಸಿದೆ. ಪಾಪ, ನನಗೆ ನಿದ್ದೆ ಬಂದಿದೆ ಅಂದುಕೊಂಡು ಅವನು ಸ್ಕೂಟರು ಹತ್ತಿ ಹೋದ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಹಾಗಾಗಿ ಇಲ್ಲಿ ಬರೆಯುವುದರಲ್ಲಿ ಹಿಂದುಮುಂದಾದರೆ ನೀವೇ ಸರಿಮಾಡಿಕೊಳ್ಳಬೇಕು. ಮೋಹನ ಇರುವುದು ಕೊಚ್ಚಿಯ ಕಲೂರಿನಲ್ಲಿ. ಸೊಸೆ ಅನಿತಾ ತಿರುವನಂತಪುರದವಳು. ಹೆರಿಗೆ ತವರಿನಲ್ಲೇ ಆಯಿತು, ಬಾಣಂತನ ಮುಗಿಸಿಕೊಂಡು ಮಗುವಿನ ಜೊತೆ ಕಲೂರಿಗೆ ಬಂದಳು. ನಾನು ಮೈಸೂರು ಕಡೆಯಿಂದ ಒಂದು ಚೀಲ ರಾಗಿಹಿಟ್ಟು, ಒಂದು ಗಂಟು ಹಳೇ ಪಂಚೆಯ ಬಟ್ಟೆ ಹಿಡಿದುಕೊಂಡು ಬಂದಿಳಿದೆ. ಪಂಚೆಯ ಬಟ್ಟೆ ನೋಡಿ ಸೊಸೆ, ಇದೇನಮ್ಮಾ, ಈಗೆಲ್ಲ ಡೈಪರ್ ಇದೆಯಲ್ಲ ಅಂದಳು. ಇರಲಿ, ಆ ಕಥೆ ಇಲ್ಲಿ ಬೇಡ.

ಈ ಕಥೆ ಮೋಹನನ ಕೆಲಸದ್ದು. ಪಾಲಾರಿವಟ್ಟಂನಲ್ಲಿ ಒಂದು ಲಾರಿ ಕಂಪನಿ. ಕಂಟೇನರ್ ಹೊತ್ತ ಉದ್ದುದ್ದ ಲಾರಿಗಳು ಅಲ್ಲಿಂದ ತಿರುವನಂತಪುರದ ಆಚೆ ಇರುವ ವಿಳಿಂಜಂ ಬಂದರಿಗೆ ಓಡಾಡುತ್ತವೆ. ಆ ಲಾರಿಗಳಲ್ಲಿ ಡ್ರೈವರನ ಎದುರಿಗೆ, ಕನ್ನಡಿಯ ಪಕ್ಕದಲ್ಲಿ, ಒಂದು ಸಣ್ಣ ಕ್ಯಾಮೆರಾ ಪೆಟ್ಟಿಗೆ ಕೂರಿಸಿದರು. ಅದು ನೋಡುವುದು ರಸ್ತೆಯನ್ನಲ್ಲ, ಡ್ರೈವರನ ಮುಖವನ್ನು. ಅವನು ಕಣ್ಣು ಮುಚ್ಚಿದರೆ, ಫೋನು ಹಿಡಿದರೆ, ಆಕಳಿಸಿದರೆ ಪೆಟ್ಟಿಗೆ ಕೀಂ ಅಂತ ಕಿರುಚಿ, ಆ ಗಳಿಗೆಯ ತುಂಡು ವಿಡಿಯೋವನ್ನು ಆಫೀಸಿಗೆ ಕಳಿಸುತ್ತದೆ. ಅದನ್ನು ನೋಡಿ, ಇದು ನಿಜವಾದ ತಪ್ಪೋ ಪೆಟ್ಟಿಗೆಯ ಭ್ರಮೆಯೋ ಅಂತ ತೀರ್ಮಾನಿಸುವುದು ನನ್ನ ಮಗ. ನನಗೆ ಇದು ಮೊದಲಿಗೆ ತಲೆಗೆ ಹೋಗಲಿಲ್ಲ. ಮನೆಯಲ್ಲಿ ಒಬ್ಬಳು ಆಕಳಿಸಿದರೆ ನಾವು ಮೂವರೂ ಓಡಿಬಂದು ಸುತ್ತ ನಿಂತು ಹಿಗ್ಗುತ್ತೇವೆ, ಲಾರಿಯಲ್ಲಿ ಒಬ್ಬ ಆಕಳಿಸಿದರೆ ಅದು ತಪ್ಪಂತೆ. ಮೋಹನ ಸಮಾಧಾನವಾಗಿ ಹೇಳಿದ, ಗೌರಿ ನಲವತ್ತು ಅಡಿಯ ಲಾರಿ ಓಡಿಸುತ್ತಿಲ್ಲವಲ್ಲಮ್ಮ ಅಂತ. ಅದೂ ಸರಿಯೇ ಅನ್ನಿಸಿತು.

ಈ ವಿಡಿಯೋಗಳನ್ನು ಬೇರೆ ಯಾರೂ ನೋಡಕೂಡದು ಅಂತ ಕಂಪನಿಯ ಕಟ್ಟುನಿಟ್ಟು. ಆದರೆ ಮಗು ಚಿಕ್ಕದು ಅಂತ ಮೋಹನ ಕೆಲವು ತಿಂಗಳು ಮನೆಯಿಂದಲೇ ಕೆಲಸ ಮಾಡಲು ಒಪ್ಪಿಗೆ ಪಡೆದಿದ್ದ, ಮತ್ತು ಮನೆಯಲ್ಲಿ ಏಸಿ ಇರುವುದು ಒಂದೇ ಕೋಣೆಯಲ್ಲಿ. ಕೊಚ್ಚಿಯ ಸೆಕೆ ಗೌರಿಗೆ ಆಗದು, ಮೋಹನನ ಕಂಪ್ಯೂಟರಿಗೂ ಆಗದು. ಹಾಗಾಗಿ ತೊಟ್ಟಿಲೂ ಅಲ್ಲೇ, ಕಂಪ್ಯೂಟರೂ ಅಲ್ಲೇ, ತೊಟ್ಟಿಲು ತೂಗುವ ನಾನೂ ಅಲ್ಲೇ. ಅಮ್ಮ, ನೀನು ಗೋಡೆ ಕಡೆ ತಿರುಗಿ ಕೂತ್ಕೋ ಅಂದ ಮೋಹನ. ಕೂತೆ. ಗೋಡೆಯಲ್ಲಿ ಒಂದು ಕ್ಯಾಲೆಂಡರು ಬಿಟ್ಟರೆ ನೋಡುವುದಕ್ಕೇನಿದೆ? ಎರಡು ದಿನಕ್ಕೆ ನನ್ನ ಕುರ್ಚಿ ತಾನಾಗಿಯೇ ಸ್ವಲ್ಪ ಸ್ವಲ್ಪ ತಿರುಗಿತು.

ಆಮೇಲೆ ನಾನು ಸಂಜೆಯ ಧಾರಾವಾಹಿ ನೋಡುವುದನ್ನೇ ಬಿಟ್ಟೆ. ಒಬ್ಬ ಡ್ರೈವರು ಹಳದಿ ಟವೆಲ್ ತಲೆಗೆ ಸುತ್ತಿಕೊಂಡು ಬಾಳೆಹಣ್ಣು ತಿನ್ನುತ್ತಾನೆ, ಪೆಟ್ಟಿಗೆಗೆ ಅದು ಫೋನಿನಂತೆ ಕಾಣುತ್ತದೆ. ಇನ್ನೊಬ್ಬ ಒಬ್ಬನೇ ಕೂತು ಯಾರನ್ನೋ ಬೈಯುತ್ತಾನೆ, ಪೆಟ್ಟಿಗೆಗೆ ಅದು ಆಕಳಿಕೆ. ಧ್ವನಿ ಕೇಳುವುದಿಲ್ಲ, ಆದರೆ ಹೆಂಡತಿಯ ಕಡೆಯವರನ್ನೇ ಇರಬೇಕು ಅಂತ ಮುಖ ನೋಡಿದರೆ ತಿಳಿಯುತ್ತದೆ. ಎಲ್ಲರಿಗಿಂತ ನನಗೆ ಹತ್ತಿರವಾದವನು ಶಶಿ ಅನ್ನುವವನು. ಐವತ್ತು ದಾಟಿದ ಗಟ್ಟಿ ಆಳು, ನರೆತ ಮೀಸೆ. ಆ ವಾರ ಪೂರ್ತಿ ಬಲಗೆನ್ನೆಯನ್ನು ಅಂಗೈಯಲ್ಲಿ ಹಿಡಿದುಕೊಂಡೇ ಓಡಿಸುತ್ತಿದ್ದ, ಪೆಟ್ಟಿಗೆಗೆ ಅದೂ ಫೋನೇ. ಹಲ್ಲುನೋವು ಕಣೋ, ಒಂದು ಲವಂಗ ಇಟ್ಟುಕೋ ಅಂತ ಹೇಳು ಅಂದರೆ, ಮೋಹನ, ನೋಡಬೇಡ ಅಂದೆನಲ್ಲ ಅಂತ ನನಗೇ ಗದರಿದ.

ಈ ಶಶಿಯದ್ದು ಕಣ್ಣು ಮುಚ್ಚಿದ ವಿಡಿಯೋಗಳೇ ಹೆಚ್ಚು ಬರುತ್ತಿದ್ದವು. ಮೋಹನ ನಿದ್ದೆ ಅಂತ ಗುರುತು ಹಾಕಲು ಹೊರಟಾಗ ನಾನು ತಡೆದೆ. ಕಣ್ಣು ಮುಚ್ಚಿದವನ ಬಲಗೈ ಎದೆಗೆ ಹೋಗಿತ್ತು. ನಿದ್ದೆ ಬಂದವನ ಕೈ ಕೆಳಗೆ ಬೀಳಬೇಕು, ಮೇಲೆ ಯಾಕೆ ಬರುತ್ತದೆ? ಕೈ ಮುಗೀತಿದಾನೆ ಕಣೋ ಅಂದೆ. ಮೋಹನ ನಕಾಶೆ ತೆಗೆದು ನೋಡಿದ. ಪಕ್ಕದಲ್ಲೇ ಒಂದು ಭಗವತಿ ಗುಡಿ. ಮುಂದಿನ ವಿಡಿಯೋ, ಚರ್ಚು. ಅದರ ಮುಂದಿನದು, ದರ್ಗಾ. ಶಶಿ ಯಾರನ್ನೂ ಬಿಡುವವನಲ್ಲ. ಕೊಚ್ಚಿಯಿಂದ ವಿಳಿಂಜಂವರೆಗೆ ರಸ್ತೆಬದಿಯ ದೇವರುಗಳಿಗೆಲ್ಲ ಕೈ ಮುಗಿಯುತ್ತಾ ಹೋದರೆ ಪೆಟ್ಟಿಗೆಯ ಲೆಕ್ಕದಲ್ಲಿ ಅವನು ದಾರಿಯುದ್ದಕ್ಕೂ ಮಲಗಿಕೊಂಡೇ ಹೋದಂತೆ. ನನಗೆ ಎಂಥಾ ಜಂಬ ಬಂತು ಅಂತೀರಿ. ಆಮೇಲೆ ಯಾರು ಕಣ್ಣು ಮುಚ್ಚಿದರೂ ನಾನು ಹಿಂದಿನಿಂದ, ಭಕ್ತಿ, ಭಕ್ತಿ ಅನ್ನುತ್ತಿದ್ದೆ. ನಿಮ್ಮ ಪಾಲಿನ ಡ್ರೈವರುಗಳೆಲ್ಲ ಯಾಕಿಷ್ಟು ದೈವಭಕ್ತರು ಅಂತ ಆಫೀಸಿನಿಂದ ಮೋಹನನಿಗೆ ಫೋನೂ ಬಂತು.

ಒಂದು ಮಧ್ಯಾಹ್ನ ಮತ್ತೆ ಶಶಿಯದ್ದೇ ಬಂತು. ಕಣ್ಣು ಮುಚ್ಚಿದೆ. ನಾನು ರೂಢಿಯಂತೆ ಭಕ್ತಿ ಅಂದೆ. ಮೋಹನ ನಕಾಶೆ ನೋಡಿದ. ಅಲ್ಲಿ ಗುಡಿಯೂ ಇಲ್ಲ, ಚರ್ಚೂ ಇಲ್ಲ, ಒಂದು ಪೆಟ್ರೋಲ್ ಬಂಕು. ಬಂಕಿಗೆ ಯಾರಾದ್ರೂ ಕೈ ಮುಗೀತಾರೇನಮ್ಮ ಅಂದ. ಈಗಿನ ರೇಟಿಗೆ ಮುಗಿದರೂ ಮುಗಿದಾರು ಅಂದೆ, ಆಮೇಲೆ ವಿಡಿಯೋ ಸರಿಯಾಗಿ ನೋಡಿದೆ. ಶಶಿಯ ಎರಡು ಕೈಯೂ ಸ್ಟೇರಿಂಗಿನ ಮೇಲೆಯೇ ಇದ್ದವು, ತಲೆ ಮಾತ್ರ ಮುಂದಕ್ಕೆ ಬಾಗಿತ್ತು. ಎದುರಿಗೆ ಶಾಲೆ ಬಿಟ್ಟ ಮಕ್ಕಳು ಬರುತ್ತಿದ್ದರೆ? ತೊಟ್ಟಿಲು ಬಿಗಿಯಾಗಿ ಹಿಡಿದುಕೊಂಡೆ. ಮೋಹನ ನಿದ್ದೆ ಅಂತಲೇ ಗುರುತು ಹಾಕಿದ. ಇಂಥದ್ದು ಇನ್ನೊಂದಾದರೆ ಅವನನ್ನು ಲಾರಿಯಿಂದ ಇಳಿಸಿ, ಲಾರಿ ನಿಲ್ಲಿಸುವ ಯಾರ್ಡಿನಲ್ಲಿ ಕೂರಿಸುತ್ತಾರಂತೆ. ಆ ಹೊತ್ತು ನನಗೆ ಕ್ಯಾಮೆರಾ ಸರಿ ಅನ್ನಿಸಿತು. ರಾತ್ರಿ ಊಟಕ್ಕೆ ಕೂತಾಗ ತಪ್ಪು ಅನ್ನಿಸಿತು. ಬೆಳಿಗ್ಗೆ ಗೌರಿಗೆ ಎಣ್ಣೆ ಹಚ್ಚುವಾಗ ಯಾವುದು ಸರಿಯೆಂದು ಅವಳನ್ನೇ ಕೇಳಿದೆ. ಅವಳು ನಕ್ಕಳು. ನಾನೂ ನಕ್ಕು ಪ್ರಶ್ನೆ ಮರೆತೆ. ಇತ್ತೀಚೆಗೆ ನನ್ನ ಎಲ್ಲಾ ಯೋಚನೆಗಳೂ ಹೀಗೇ ಮುಗಿಯುತ್ತವೆ.

ಡ್ರೈವರುಗಳು ಮರೆಯಲಿಲ್ಲ. ಮುಖ ನೋಡುವ ಕ್ಯಾಮೆರಾ ತೆಗೆಯುವ ತನಕ ಲಾರಿ ಹೊರಡುವುದಿಲ್ಲ ಅಂತ ಯಾರ್ಡಿನಲ್ಲೇ ನಿಲ್ಲಿಸಿಬಿಟ್ಟರು. ಅವರ ಪರವಾಗಿ ಮಾತಾಡುವವನು ಶಶಿಯೇ. ಮಾತು ಕೆಟ್ಟರೆ ಮೊದಲು ಹೋಗುವುದೂ ಅವನ ಕೆಲಸವೇ. ಅವರನ್ನು ಒಪ್ಪಿಸುವ ಕೆಲಸವನ್ನು ಕಂಪನಿ ಮೋಹನನಿಗೇ ವಹಿಸಿತು. ಆಫೀಸಿನಲ್ಲಿ ಕೂತರೆ ಜಗಳವೇ ಆಗುತ್ತದೆ ಅಂತ ಮೋಹನ ಅವನನ್ನು ಭಾನುವಾರ ಮನೆಗೆ ಕರೆದ. ಇಸ್ತ್ರಿ ಮಾಡಿದ ಬಿಳಿ ಮುಂಡು ಉಟ್ಟು, ಮಗುವಿಗೆ ಒಂದು ಫ್ರಾಕು, ನಮಗೆ ಬಾಳೆಕಾಯಿ ಚಿಪ್ಸು ತಗೊಂಡು ಬಂದ. ಮೊದಲು ತುಂಬ ದಿನ ಮಂಗಳೂರು ಲೈನಿನಲ್ಲಿ ಲಾರಿ ಓಡಿಸಿದವನಂತೆ, ಆ ಕಡೆಯ ಕನ್ನಡವನ್ನೇ ಚೆನ್ನಾಗಿ ಆಡಿದ. ನಾನು ಅಡುಗೆಮನೆಯಲ್ಲಿ ಶಾವಿಗೆ ಪಾಯಸ ಕಾಯಿಸುತ್ತಾ ಕೇಳಿಸಿಕೊಂಡೆ.

"ಸಾರ್, ಕ್ಯಾಬಿನ್ ಅಂದ್ರೆ ನಮಗೆ ಮನೆಯೇ. ಊಟ ಅಲ್ಲಿ, ಬಟ್ಟೆ ಬದಲಾಯಿಸುವುದು ಅಲ್ಲಿ, ಹೆಂಡತಿ ಹತ್ತಿರ ಬೈಸಿಕೊಳ್ಳುವುದೂ ಅಲ್ಲಿಯೇ. ರಸ್ತೆ ನೋಡುವ ಕ್ಯಾಮೆರಾ ಹತ್ತು ಇಡಿ. ಮುಖ ನೋಡುವುದು ಬೇಡ. ಆಚೆ ಕಡೆ ಯಾರು ಕೂತಿದ್ದಾರೆ, ಏನು ನಗಾಡ್ತಾರೆ, ನಮಗೆ ಗೊತ್ತಿಲ್ಲ ಅಲ್ವಾ?"

ಮೋಹನ ತುಂಬ ನಯವಾಗಿ ವಿವರಿಸಿದ. ಎಲ್ಲವನ್ನೂ ನೋಡುವುದು ಯಂತ್ರ, ಯಂತ್ರ ಕಳಿಸಿದ ತುಣುಕನ್ನು ನೋಡುವವನು ನಾನೊಬ್ಬನೇ, ನನ್ನನ್ನು ನೀವು ಬಲ್ಲಿರಲ್ಲ ಅಂದ. ಶಶಿ ಮೀಸೆ ಸವರಿಕೊಂಡ. ಸ್ವಲ್ಪ ಮೆತ್ತಗಾದ ಹಾಗೂ ಕಂಡ. ಆ ಗಳಿಗೆಗೆ ಸರಿಯಾಗಿ ನಾನು ಪಾಯಸದ ಲೋಟ ಹಿಡಿದು ಹೊರಗೆ ಬಂದೆ. ಇಷ್ಟು ದಿನ ಬೆರಳುದ್ದದ ಚಿತ್ರದಲ್ಲಿ ಕಂಡವನು ಎದುರಿಗೆ ಪೂರ್ತಿ ಆಳಾಗಿ ಕೂತಿದ್ದಾನೆ. ಊರಿನವನೇ ಸಿಕ್ಕಷ್ಟು ಖುಷಿಯಾಯಿತು ನನಗೆ.

"ಹಲ್ಲುನೋವು ವಾಸಿಯಾಯ್ತೇನಪ್ಪ?" ಅಂದೆ.

ಮೋಹನ ನನ್ನ ಕಡೆ ನೋಡಿದ ನೋಟವನ್ನು ನಾನು ಹೇಳಲಾರೆ. ಶಶಿ ನಿಧಾನವಾಗಿ ಕೆನ್ನೆ ಮುಟ್ಟಿಕೊಂಡ. ಅಲ್ಲಿಗಾದರೂ ನಾನು ನಿಲ್ಲಿಸಬೇಕಿತ್ತು. ಸಂಭಾಳಿಸುವ ಭರದಲ್ಲಿ, ನೀವೆಲ್ಲ ನನಗೆ ಮಕ್ಕಳ ಹಾಗೆ, ನೀವು ಗುಡಿಗೆ ಕೈ ಮುಗಿಯುವುದನ್ನು ನಿದ್ದೆ ಅಂತ ಬರೆಯದಂತೆ ತಡೆದವಳೇ ನಾನು, ಆ ಹಳದಿ ಟವೆಲಿನವನು ಬಾಳೆಹಣ್ಣನ್ನು ಸ್ವಲ್ಪ ನಿಧಾನ ತಿನ್ನಲಿ, ಅಂತೆಲ್ಲ ಅಂದುಬಿಟ್ಟೆ. ಒಳಗಿನಿಂದ ಸೊಸೆ, ಅಮ್ಮಾ, ಮಗು ಕರೀತಿದೆ ಅಂದಳು. ಮಗು ಕರೆಯುತ್ತಿರಲಿಲ್ಲ.

ಶಶಿ ತಲೆ ತಗ್ಗಿಸಿದ. ಹಾಗೇ ಕೇಳಿದ, "ಹಾಗಾದರೆ ನಾನು ಅತ್ತದ್ದನ್ನೂ ನೋಡಿದ್ದೀರಿ ಅಲ್ವಾ, ಅಮ್ಮ?"

ಇಲ್ಲ ಅಂದೆ. ದೇವರಾಣೆಗೂ ನೋಡಿರಲಿಲ್ಲ. ಅಳುವುದು ಆ ಪೆಟ್ಟಿಗೆಗೆ ತಪ್ಪಲ್ಲ, ಅದನ್ನು ಕಳಿಸುವುದೇ ಇಲ್ಲ. ಮೋಹನನೂ ಅದನ್ನೇ ಹೇಳಿದ. ಆದರೆ ಹಲ್ಲುನೋವನ್ನು ಕಂಡವಳು ಅಳುವನ್ನು ಕಾಣಲಿಲ್ಲ ಅಂದರೆ ಯಾರು ನಂಬುತ್ತಾರೆ? ಯಾಕೆ ಅತ್ತ ಅಂತ ನಾವು ಕೇಳಲಿಲ್ಲ, ಅವನೂ ಹೇಳಲಿಲ್ಲ. ತನ್ನ ಸಾಹೇಬರ ಎದುರಿಗೆ ತಾನೇ ಬಾಯಿಬಿಟ್ಟು ಹೇಳಿಕೊಂಡಂತಾಯಿತಲ್ಲ ಅಂತ ಅವನ ಕಿವಿ ಕೆಂಪಾಗಿತ್ತು. ಇದಕ್ಕೇ ಸಾರ್ ನಾವು ಬೇಡ ಅನ್ನುವುದು ಅಂತ ಇಷ್ಟೇ ಅಂದ, ಅದೂ ಸಣ್ಣ ಧ್ವನಿಯಲ್ಲಿ.

ಮಾತು ತೇಲಿಸಲು ನಾನು ಇನ್ನೊಂದು ಮುಳುಗುವ ಮಾತು ಕೇಳಿದೆ. ಆ ಪೆಟ್ರೋಲ್ ಬಂಕಿನ ಹತ್ತಿರ ನಿನಗೆ ನಿದ್ದೆ ಬಂದಿತ್ತಾ ಅಂತ.

"ನಿದ್ದೆ ಬಂದವನಿಗೆ ಗೊತ್ತಾಗ್ತದಾ, ಅಮ್ಮ? ಪೆಟ್ಟಿಗೆ ಕಿರುಚಿದ ಮೇಲೆಯೇ ಗೊತ್ತಾದದ್ದು. ಕಿರುಚಲಿ, ನಾನು ಬೇಡ ಅನ್ನುವುದಿಲ್ಲ. ನನ್ನ ಕಿವಿಗೆ ಕಿರುಚಲಿ. ಊರಿಗೆಲ್ಲ ಯಾಕೆ ಹೇಳಬೇಕು?"

ಇದನ್ನು ಕೇಳಿ ನನ್ನ ತಲೆ ಪೂರ್ತಿ ಕೆಟ್ಟಿತು. ಅವನ ಪ್ರಾಣ ಉಳಿಸಿದ ಪೆಟ್ಟಿಗೆಯೇ ಅವನ ಮಾನವನ್ನು ನನ್ನ ಕೋಣೆಗೆ ತಂದು ಹಾಕಿತ್ತು. ಯಾವುದಕ್ಕೆ ಇರಲಿ ಅನ್ನಲಿ, ಯಾವುದಕ್ಕೆ ಬೇಡ ಅನ್ನಲಿ?

ಆಮೇಲೆ ಏನಾಯಿತು ಅಂತ ಹೇಳಿಬಿಡುತ್ತೇನೆ. ಮೋಹನ ಮಾರನೇ ದಿನ ಆಫೀಸಿಗೆ ಹೋಗಿ, ನಮ್ಮಮ್ಮ ನೋಡುತ್ತಿದ್ದರು ಅಂತ ತಾನೇ ಒಪ್ಪಿಕೊಂಡ. ಚೆನ್ನಾಗಿ ಬೈಸಿಕೊಂಡ, ಕೆಲಸ ಉಳಿಯಿತು, ಮನೆಯಿಂದ ಮಾಡುವುದು ನಿಂತಿತು. ಡ್ರೈವರುಗಳ ಮಾತಿಗೆ ಕಂಪನಿ ಅರ್ಧ ಒಪ್ಪಿತು. ಈಗ ಪೆಟ್ಟಿಗೆ ಕಿರುಚುತ್ತದೆ, ಆದರೆ ವಿಡಿಯೋ ತೆಗೆದು ನೋಡುವುದು ಅಪಘಾತವಾದರೆ ಮಾತ್ರ, ಅದೂ ಡ್ರೈವರನ್ನು ಪಕ್ಕದಲ್ಲಿ ಕೂರಿಸಿಕೊಂಡು. ಲಾರಿ ನಿಂತಾಗ ಮುಚ್ಚಲು ಪೆಟ್ಟಿಗೆಗೊಂದು ಮುಚ್ಚಳ ಕೊಟ್ಟಿದ್ದಾರೆ. ಲಾರಿಗಳು ಹೊರಟವು. ಶಶಿಯೂ ಹೊರಟ. ಆಫೀಸಿನಲ್ಲಿ ಇದಕ್ಕೆಲ್ಲ ಮೋಹನನ ತಾಯಿಯೇ ಕಾರಣ ಅನ್ನುತ್ತಾರಂತೆ. ಹೊಗಳಿದ್ದೋ ಬೈದದ್ದೋ ಕೇಳಿದರೆ ಮೋಹನ ಹೇಳುವುದಿಲ್ಲ.

ಆದರೆ ಆ ಭಾನುವಾರ ಇನ್ನೂ ಮುಗಿದಿರಲಿಲ್ಲ. ಪಾಯಸ ಆರುತ್ತಿತ್ತು. ತಗೋಪ್ಪ ಅಂದೆ. ಶಶಿ ಲೋಟ ಎತ್ತಿದ, ನನ್ನ ಮುಖ ನೋಡಿದ, ಕೆಳಗಿಟ್ಟ. ಮತ್ತೆ ಎತ್ತಿದ. ತಪ್ಪು ತಿಳಿಯಬೇಡಿ ಅಮ್ಮ, ನೀವು ನೋಡಿದರೆ ನನಗೆ ಕುಡಿಯಲಿಕ್ಕೆ ಆಗುವುದಿಲ್ಲ ಅಂದು, ಲೋಟ ಹಿಡಿದು ಬಾಲ್ಕನಿಗೆ ಹೋಗಿ ನಮಗೆ ಬೆನ್ನು ಮಾಡಿ ನಿಂತ. ನನಗೆ ನಾಚಿಕೆಯಾಗಿ ಅಡುಗೆಮನೆಗೆ ಬಂದುಬಿಟ್ಟೆ. ಇನ್ನು ಯಾರ ಮುಖವನ್ನೂ ಕದ್ದು ನೋಡುವುದಿಲ್ಲ ಅಂತ ಮನಸ್ಸಿನಲ್ಲೇ ಅಂದುಕೊಂಡೆ.

ನಮ್ಮ ಅಡುಗೆಮನೆಯ ಕಿಟಕಿ ಬಾಲ್ಕನಿಗೇ ತೆರೆಯುತ್ತದೆ. ಅದು ನನ್ನ ತಪ್ಪಲ್ಲ, ಮನೆ ಕಟ್ಟಿದವರದ್ದು.

ಖಾಲಿ ಲೋಟ ತಂದುಕೊಟ್ಟು, "ನೋಡಲಿಲ್ಲ ಅಲ್ವಾ, ಅಮ್ಮ?" ಅಂದ.

"ಇಲ್ಲಪ್ಪ" ಅಂದೆ.

ತಳದ ದ್ರಾಕ್ಷಿಯನ್ನು ಬೆರಳು ಹಾಕಿ ತೆಗೆದು ತಿಂದಿದ್ದ. ಪಾಯಸ ಹಿಡಿಸಿತು ಅಂತ ಕಾಣುತ್ತದೆ. ಅವನನ್ನು ಕೇಳುವ ಹಾಗಿಲ್ಲ, ಗೌರಿಗೆ ಮಾತ್ರ ಹೇಳಿದ್ದೇನೆ.