ನಿಶ್ಚಯಕ್ಕೆ ಫೋನಿನಲ್ಲಿ ದಿನಸಿ ತರಿಸಿದ್ದು

ನಮ್ಮ ಮನೆಗೆ ಫೋನು ಬಂದ ಮೇಲೆ ನನ್ನ ತಲೆಯೂ ಒಂದು ಗೇಣು ಮೇಲಕ್ಕೆ ಹೋಯಿತು. ಜೀವವಿಮೆ ಏಜೆಂಟನಾದ ನನಗೆ ಫೋನು ಬೇಕೇ ಬೇಕಿತ್ತು ಅನ್ನಿ. ಆದರೆ ನಮ್ಮ ಚಳ್ಳಕೆರೆಯ ಜನ ವಿಮೆಯ ಮಾತನ್ನು ಫೋನಿನಲ್ಲಿ ಕೇಳುವ ಪೈಕಿಯಲ್ಲ. ನಾನು "ಅಕಸ್ಮಾತ್ ನಿಮಗೇನಾದರೂ ಆದರೆ" ಎಂದು ಶುರುಮಾಡುವಷ್ಟರಲ್ಲೇ "ನಿಂಗೇ ಆಗ್ಲಿ ಕಣಯ್ಯ" ಎಂದು ಹರಸಿ ಇಟ್ಟುಬಿಡುತ್ತಿದ್ದರು. ಹೀಗಾಗಿ ಆ ಯಂತ್ರ ನನ್ನ ಹೆಂಡತಿ ಕಸೂತಿ ಹಾಕಿದ ಬಟ್ಟೆ ಹೊದ್ದು ಮೂಲೆಯಲ್ಲಿ ಸುಮ್ಮನೆ ಕೂತಿತ್ತು. ಅದಕ್ಕೊಂದು ಘನವಾದ ಕೆಲಸ ಕೊಡಬೇಕೆಂದು ನಾನು ಕಾಯುತ್ತಿದ್ದೆ.

ಕೆಲಸ ತಾನಾಗಿಯೇ ಬಂತು. ಮಗಳು ಶೈಲಾಗೆ ಮೊಳಕಾಲ್ಮೂರಿನ ಸಂಬಂಧ ಕೂಡಿತು. ಹುಡುಗ ದನದ ಡಾಕ್ಟರು. ಅವನ ತಂದೆ ಬಸವರಾಜಪ್ಪನವರದು ರೇಷ್ಮೆ ಸೀರೆ ವ್ಯಾಪಾರ. ಹುಡುಗ ಬಂದು ನೋಡಿಹೋದ ದಿನದಿಂದ ನಮ್ಮ ಶೈಲಾ ಎಮ್ಮೆ ಕಂಡರೂ ನಾಚಿಕೊಳ್ಳುತ್ತಿದ್ದಳು. ಇನ್ನು ಅವಳ ಒಪ್ಪಿಗೆಯನ್ನು ಬಾಯಿಬಿಟ್ಟು ಕೇಳುವುದೇನಿದೆ? ಒಂದೇ ತೊಡಕೆಂದರೆ ಆ ಮನೆಯವರಿಗೆ ಶಕುನದ ಭಯ ಜಾಸ್ತಿ. ನಮಗಿಂತ ಮೊದಲು ಬಂದಿದ್ದ ಒಂದು ಸಂಬಂಧವನ್ನು, ಹುಡುಗಿ ನೋಡಲು ಹೊರಟ ಬಸ್ಸಿನ ಟೈರು ಪಂಕ್ಚರಾಯಿತೆಂದು ಕೈಬಿಟ್ಟಿದ್ದರಂತೆ! ಹಾಗಾಗಿ ಭಾನುವಾರದ ನಿಶ್ಚಯ ಶಾಸ್ತ್ರ ಕೂದಲೆಳೆಯಷ್ಟೂ ತಪ್ಪದಂತೆ ನಡೆಯಬೇಕಿತ್ತು.

ಶುಕ್ರವಾರ ಸಂಜೆ ಹೆಂಡತಿ ಸರ್ವಮಂಗಳ ಸೀರೆ ಉಟ್ಟು, ಕೈಚೀಲ ಹಿಡಿದು ಬಾಗಿಲಲ್ಲಿ ನಿಂತಳು.

"ರೀ, ಏಳ್ರಿ. ರುದ್ರಣ್ಣನ ಅಂಗಡಿಗೆ ಹೋಗಿ ದಿನಸಿ ತಗೊಂಡ್ ಬರಾಣ."

"ಕೂತ್ಕೊ. ಅಂಗಡಿ ಇಲ್ಲಿಗೇ ಬರ್ತೈತೆ," ಎಂದು ನಾನು ಫೋನಿನ ಕಡೆ ಕೈ ತೋರಿಸಿದೆ.

ಆಗಿನ್ನೂ ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಅಮೆರಿಕದಲ್ಲಿ ಜನ ಕಂಪ್ಯೂಟರಿನ ಮುಂದೆ ಕೂತು ಸೊಪ್ಪು ಸದೆ ಹಾಲು ಹಣ್ಣು ಎಲ್ಲವನ್ನೂ ಮನೆಗೇ ತರಿಸಿಕೊಳ್ಳುತ್ತಾರೆಂದು ಪೇಪರಿನಲ್ಲಿ ಓದಿದ್ದೆ. ನಮ್ಮ ರುದ್ರಣ್ಣನೂ ಹಿಂದೆ ಬೀಳದೆ, 'ಫೋನ್ ಮಾಡಿರಿ, ಮನೆಗೇ ತಲುಪಿಸುತ್ತೇವೆ' ಎಂದು ಅಂಗಡಿಯ ಮುಂದೆ ಬೋರ್ಡು ಬರೆಸಿದ್ದ. ನಾನು ಎದ್ದು ನಿಂತು, ಎರಡೂ ಕೈ ಬೆನ್ನಿಗೆ ಕಟ್ಟಿ, ಈ ಪದ್ಧತಿಯ ಅನುಕೂಲಗಳನ್ನು ಹೆಂಡತಿಗೆ ವಿವರಿಸಿದೆ. ಎಣ್ಣೆ ಮಿಲ್ಲಿನ ಲಾರಿಗಳ ನಡುವೆ ನುಸುಳಬೇಕಾಗಿಲ್ಲ. ಧೂಳು ಕುಡಿಯಬೇಕಾಗಿಲ್ಲ. ಚೀಲ ಹೊತ್ತು ಭುಜ ಇಳಿಸಬೇಕಾಗಿಲ್ಲ. ಹಾದಿಯಲ್ಲಿ ಸಿಕ್ಕವರಿಗೆಲ್ಲ "ಏನು ವಿಶೇಷ?" ಎಂಬುದಕ್ಕೆ ಉತ್ತರ ಕೊಡಬೇಕಾಗಿಲ್ಲ.

"ಆಯ್ತಾ?" ಎಂದಳು ಅವಳು. "ಬೇಳೆ ಹುಳ ಹಿಡಿದೈತೋ ಇಲ್ಲೋ ಫೋನಿನಾಗೆ ಕಾಣ್ತೈತಾ? ಬೆಲ್ಲ ಉಪ್ಪುಪ್ಪು ಐತಾ ಅಂತ ನಾಲಿಗೆಗೆ ಹಚ್ಚಿ ನೋಡ್ತೀರಾ? ಅದೆಲ್ಲ ಹಾಳಾಗ್ಲಿ, ಶುಭಕಾರ್ಯದ ದಿನಸಿಗೆ ಗಂಡ ಹೆಂಡ್ತಿ ಜೋಡಿಲಿ ಹೋಗಿ, ಇಂಥಾದ್ದು ಅಂತ ಬಾಯಲ್ಲಿ ಹೇಳಿ, ಮೊದ್ಲು ಅರಿಶಿನ ತೂಗಿಸ್ಕೋಬೇಕು. ಆಮೇಲೆ ಅಕ್ಕಿ. ನಮ್ಮವ್ವ, ನಮ್ಮಜ್ಜಿ ಎಲ್ಲಾ ಹಂಗೇ ಮಾಡಿದ್ದು."

"ನಿಮ್ಮಜ್ಜಿ ಕಾಲದಲ್ಲಿ ಫೋನಿತ್ತಾ?"

"ಇರ್ಲಿಲ್ಲ. ಅದಕ್ಕೇ ಮರ್ಯಾದೆ ಇತ್ತು."

ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಮೆಲ್ಲುತ್ತಿದ್ದ ನಮ್ಮತ್ತೆ ಹಾಲಮ್ಮನವರು ಇದನ್ನೆಲ್ಲ ಕೇಳಿಸಿಕೊಂಡರು. ಹಿಂದಿನ ತಿಂಗಳು ದಾವಣಗೆರೆ ಆಸ್ಪತ್ರೆಯಲ್ಲಿ ಮಲಗಿದ್ದು, ಮೊಮ್ಮಗಳ ನಿಶ್ಚಯಕ್ಕೆಂದೇ ಎದ್ದು ಬಂದಿದ್ದ ಜೀವ ಅದು. "ಬಿಡೇ ಮಂಗಳಾ, ಅಳಿಯಂದ್ರು ಓದಿದೋರು. ತಿಳ್ಕೊಂಡಿರ್ತಾರೆ," ಎಂದರು. ನನ್ನ ಪರವಾಗಿ ಆ ಮನೆಯಲ್ಲಿ ಎದ್ದ ದನಿ ಅದೊಂದೇ. ಪಾಪ, ಅದರ ಫಲವನ್ನು ಅವರೇ ಉಂಡರು.

ನಾನು ಫೋನು ತಿರುಗಿಸಿದೆ. ಫೋನಿನಲ್ಲಿ ಮಾತಾಡುವಾಗ ನನಗೊಂದು ಬೇರೆಯೇ ದನಿ ಬರುತ್ತದೆ. ರೇಡಿಯೋದಲ್ಲಿ ವಾರ್ತೆ ಓದುವವರ ಹಾಗೆ ಗಂಭೀರ, ನಿಧಾನ.

"ರುದ್ರಣ್ಣ, ನಾನು ಚಂದ್ರಶೇಖರಪ್ಪ. ಐವತ್ತು ಜನದ ಅಡುಗೆಗೆ ಆಗುವಷ್ಟು ಅಕ್ಕಿ, ಕಡಲೆಬೇಳೆ, ಬೆಲ್ಲ, ತುಪ್ಪ, ಶೇಂಗಾ ಎಣ್ಣೆ. ನಾಳೆ ಮನೆಗೆ ತಲುಪಿಸಿ."

"ಆಗ್ಲಿ ಚಂದ್ರಣ್ಣ. ಮೊದ್ಲು ಅರಿಶಿನ ಎಷ್ಟು ತೂಗ್ಲಿ?"

"ಅರಿಶಿನ ಕುಂಕುಮ ಬೇಡ. ವಿಭೂತಿ ಹಾಕಿ, ಕರ್ಪೂರ, ಊದಿನಕಡ್ಡಿ. ಸ್ವಾಮಿಗಳಿಗೆ ಕೊಡೋಕೆ ಒಂದು ಬಿಳೀ ಪಂಚೆ."

ಅರಿಶಿನ ನಮ್ಮ ಮನೆಯಲ್ಲಿ ಡಬ್ಬಿ ತುಂಬ ಇತ್ತು. ಅದನ್ನು ಹೇಳಬೇಕೆಂದು ನನಗೆ ತೋಚಲಿಲ್ಲ. ಯಾವ ಕಾರ್ಯಕ್ಕೆ ಎಂಬುದನ್ನೂ ಹೇಳಲಿಲ್ಲ. ಆ ಪ್ರಶ್ನೆ ತಪ್ಪಿಸಿಕೊಳ್ಳಲೆಂದೇ ಅಲ್ಲವೇ ಫೋನು ಮಾಡಿದ್ದು!

ರುದ್ರಣ್ಣ ದನಿ ತಗ್ಗಿಸಿ ಮೆತ್ತಗೆ, "ಆಗ್ಲಿ ಚಂದ್ರಣ್ಣ. ನೀವೇನೂ ಓಡಾಡ್ಬೇಡಿ. ಧೈರ್ಯವಾಗಿರಿ," ಎಂದ.

ಆಹಾ! ದಿನಸಿಯ ಜೊತೆ ಧೈರ್ಯವನ್ನೂ ಕಳಿಸುವ ಅಂಗಡಿ ಇಡೀ ಜಿಲ್ಲೆಯಲ್ಲಿ ಇನ್ನೆಲ್ಲಿದೆ?

ಶನಿವಾರ ದಿನಸಿ ಬಂತು. ತಳ್ಳುಗಾಡಿಯವನು ಗೇಟಿನ ಹೊರಗೇ ಎಲ್ಲವನ್ನೂ ಇಳಿಸಿ, ನನ್ನ ಮುಖ ನೋಡದೆ, ಕುಡಿಯಲು ನೀರೂ ಕೇಳದೆ, ತಲೆ ತಗ್ಗಿಸಿ ಹೊರಟುಹೋದ. "ನೋಡಿದೆಯಾ ಶಿಸ್ತು? ಒಂದು ಮಾತು ಹೆಚ್ಚಿಲ್ಲ, ಕಡಿಮೆ ಇಲ್ಲ," ಎಂದು ಹೆಂಡತಿಗೆ ತೋರಿಸಿದೆ. ಅವಳು ಬೇಳೆಯಲ್ಲಿ ಹುಳ ಹುಡುಕಿದಳು. ಸಿಗಲಿಲ್ಲ. ಆ ರಾತ್ರಿ ನನ್ನಷ್ಟು ಸುಖವಾಗಿ ಚಳ್ಳಕೆರೆಯಲ್ಲಿ ಯಾರೂ ಮಲಗಿರಲಾರರು.

ಭಾನುವಾರ ಬೆಳಿಗ್ಗೆ ಹೋಳಿಗೆ ಒಲೆ ಹೊತ್ತಿತು. ಶೈಲಾ ತಲೆತುಂಬ ಮಲ್ಲಿಗೆ ಮುಡಿದು ಒಳಕೋಣೆ ಸೇರಿದಳು. ಅತ್ತೆ ರೇಷ್ಮೆ ಸೀರೆಯುಟ್ಟು ಕಟ್ಟೆಯ ಮೇಲೆ ಕೂತರು. ಬೀಗರು ಒಂಬತ್ತರ ಬಸ್ಸಿಗೆ ಬರುವವರು. ಒಂಬತ್ತೂವರೆಯಾಯಿತು, ಸುಳಿವಿಲ್ಲ. ಅವರ ಬದಲು ಮಂಡಿಪೇಟೆಯ ವ್ಯಾಪಾರಿಯೊಬ್ಬರು ಬಂದರು. ಹಿಂದೆಂದೂ ನಮ್ಮ ಮನೆ ತುಳಿದವರಲ್ಲ. ಗೇಟಿನಲ್ಲೇ ನನ್ನ ಕೈ ಹಿಡಿದು, ದನಿ ತಗ್ಗಿಸಿ, "ದೊಡ್ಡ ಜೀವ. ಪುಣ್ಯವಂತ್ರು. ಪಾಲಿಸಿ ಮಾಡ್ಸಿದ್ರಾ ಸಾರ್?" ಎಂದರು.

ನಾನು ನಗುತ್ತ, "ಇನ್ನೂ ಇಲ್ಲ. ನಿಮಗೆ ಬೇಕಾ?" ಎಂದೆ.

ಅವರು ನನ್ನನ್ನು ವಿಚಿತ್ರವಾಗಿ ನೋಡಿ ಹಿಂದಿರುಗಿದರು. ಬೀಗರ ಬಸ್ಸಿನ ಗಾಬರಿಯಲ್ಲಿದ್ದ ನಾನು ಅದನ್ನು ತಲೆಗೆ ಹಾಕಿಕೊಳ್ಳಲಿಲ್ಲ.

ಅವರ ಹಿಂದೆಯೇ ರುದ್ರಣ್ಣ ಬಂದ. ಕಾಲಿಗೆ ಚಪ್ಪಲಿ ಇಲ್ಲ. ಕೈಯಲ್ಲಿ ಸುಗಂಧರಾಜದ ದೊಡ್ಡ ಹಾರ. ನನ್ನ ಕೈಗೆ ಅದನ್ನು ಕೊಟ್ಟು, "ನಮ್ಗೊಂದು ಮಾತು ಹೇಳ್ಬಾರ್ದಾಗಿತ್ತಾ ಚಂದ್ರಣ್ಣ? ಅವ್ವಾರು ನಮ್ಮಂಗಡಿ ಬೆಲ್ಲ ಅಂದ್ರೆ ಪ್ರಾಣ ಬಿಡ್ತಿದ್ರು. ಫೋಟೋ ಎಲ್ಲಿಟ್ಟೀರಿ?" ಎಂದು ಕಣ್ಣೊರೆಸಿಕೊಂಡ.

"ಯಾರ ಫೋಟೋ ರುದ್ರಣ್ಣ?" ಎಂದರು ಕಟ್ಟೆಯ ಮೇಲಿದ್ದ ನಮ್ಮತ್ತೆ.

ರುದ್ರಣ್ಣ ಅವರನ್ನು ನೋಡಿದ. ಹಾರ ನೋಡಿದ. ನನ್ನನ್ನು ನೋಡಿದ. ಮೆಟ್ಟಿಲ ಮೇಲೆ ಕುಸಿದು ಕೂತ. ಸರ್ವಮಂಗಳ ಓಡಿಬಂದು ನೀರು ಕೊಟ್ಟ ಮೇಲೆ ಅವನ ಬಾಯಿಂದ ಮಾತು ಬಂತು.

"ಅಲ್ರೀ, ಮನೆಯೋರು ಬರ್ಲಿಲ್ಲ. ಎದಕ್ಕೆ ಅಂತ ಹೇಳ್ಲಿಲ್ಲ. ಅರಿಶಿನ ಬ್ಯಾಡ, ವಿಭೂತಿ ಹಾಕಿ, ಬಿಳೀ ಪಂಚೆ ಹಾಕಿ ಅಂತೀರಿ. ಅದೂ ಆ ಸತ್ತ ದನೀಲಿ! ಅವ್ವಾರು ಆಸ್ಪತ್ರೆ ಸೇರಿದ್ದು ಊರಿಗೇ ಗೊತ್ತು. ಸಾವಾದ ಮನೆಯೋರ್ನ 'ಎದಕ್ರೀ ದಿನಸಿ?' ಅಂತ ಯಾವ ಬಾಯಲ್ಲಿ ಕೇಳ್ಲಿ? ಅವರೂರಲ್ಲೇ ಮಣ್ಣು ಮಾಡಿ ಇಲ್ಲಿ ಆರಾಧನೆ ಇಟ್ಕೊಂಡೀರಿ ಅಂದ್ಕೊಂಡೆ."

ನಮ್ಮತ್ತೆಗೆ ನಾನು ಜೀವಂತವಾಗಿರುವಾಗಲೇ ಶಿವಗಣಾರಾಧನೆಯ ದಿನಸಿ ತರಿಸಿಬಿಟ್ಟಿದ್ದೆ! ಅಲ್ಲ, ಜೀವಂತ ಇದ್ದದ್ದು ಅತ್ತೆ. ನಾನು ಆ ಕ್ಷಣದಲ್ಲಿ ಇದ್ದೆನೋ ಇಲ್ಲವೋ ಹೇಳಲಾರೆ.

"ಇನ್ನೊಂದು ಮಾತು ಐತೆ," ಎಂದ ರುದ್ರಣ್ಣ ನೆಲ ನೋಡುತ್ತ. "ಆಗ್ಲೇ ಮೊಳಕಾಲ್ಮೂರಿನ ಕಡೆ ಜನ ನಮ್ಮಂಗಡೀಲಿ ಎಲೆ ಅಡಿಕೆ ತಗೊಂಡು, ನಿಮ್ಮನೆಗೆ ಹೊರಟೀವಿ ಅಂದ್ರು. 'ಹೋಗಿ ಪಾಪ, ಚಂದ್ರಣ್ಣನ ಅತ್ತೇರ ಆರಾಧನೆ ಐತೆ ಇವತ್ತು, ಊಟ ಮಾಡ್ಕೊಂಡೇ ಹೋಗಿ' ಅಂದೆ. ಅವ್ರ ಜೊತೆಗಿದ್ದ ಹೆಣ್ಮಗಳು ಕೆಂಡ ಆದ್ಲು. ಎಲ್ಲಾ ಬಸ್‌ಸ್ಟ್ಯಾಂಡ್ ಕಡೆ ತಿರುಗಿದ್ರು."

ಒಳಕೋಣೆಯಿಂದ ಒಂದು ಬಿಕ್ಕು ಕೇಳಿತು. ಪಂಕ್ಚರಿಗೆ ಸಂಬಂಧ ಬಿಟ್ಟವರು ಹೆಣಕ್ಕೆ ಬಿಡದಿರುತ್ತಾರೆಯೇ? ಸರ್ವಮಂಗಳ ಫೋನಿನ ಮೇಲಿನ ಕಸೂತಿ ಬಟ್ಟೆ ತೆಗೆದು ಕಣ್ಣೊರೆಸಿಕೊಂಡಳು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ನಾ ಹೋಗಿ ಹೇಳ್ತೀನಿ," ಎಂದು ಗೇಟಿನ ಕಡೆ ಓಡಿದೆ.

"ನೀವ್ ಹೇಳಿದ್ರೆ ಯಾರ್ ನಂಬ್ತಾರಪ್ಪ?" ಅತ್ತೆ ಸೆರಗು ಬಿಗಿದು ಕೆಳಗಿಳಿದರು. "ಸತ್ತಾಕಿ ನಾನು. ನಾನೇ ಬರ್ತೀನಿ ನಡೀರಿ."

ರಸ್ತೆಯಲ್ಲಿ ಆಟೋ ಸಿಕ್ಕಿತು. ಅತ್ತೆಯನ್ನು ಹಿಂದೆ ಕೂರಿಸಿ ನಾನು ಪಕ್ಕಕ್ಕೆ ತೂರಿಕೊಂಡೆ. ಆಟೋದವನು ಗೂಳಿಯಂತೆ ನುಗ್ಗಲು ಸಜ್ಜಾಗಿ, "ಸಾಹೇಬ್ರೆ, ನಿಮ್ಮತ್ತೇರು ಹೋಗ್ಬಿಟ್ರಂತೆ. ಸ್ಟ್ಯಾಂಡಲ್ಲಿ ಮಾತಾಡ್ತಿದ್ರು. ಎಲ್ಲಿಗೆ ಹೋಗ್ಬೇಕು, ಜಲ್ದಿ ಹೇಳಿ," ಎಂದ.

"ಮೊಳಕಾಲ್ಮೂರು ಬಸ್ ನಿಲ್ಲೋ ತಾವ ಬಿಡಪ್ಪ," ಎಂದರು ಅತ್ತೆ. "ಹೋದಾಕಿ ನಾನೇ."

ಆಟೋದವನು ಕನ್ನಡಿಯಲ್ಲಿ ಒಮ್ಮೆ ನೋಡಿದ. ಆಮೇಲೆ ಬಸ್‌ಸ್ಟ್ಯಾಂಡಿನವರೆಗೂ ಹಿಂದೆ ತಿರುಗಲಿಲ್ಲ, ಬ್ರೇಕೂ ಹಾಕಲಿಲ್ಲ.

ಬಸ್ಸು ಹೊರಡಲು ಗುರುಗುಟ್ಟುತ್ತಿತ್ತು. ನಾನು ಓಡಿ ಒಳಗೆ ಹತ್ತಿದೆ. ಬಸವರಾಜಪ್ಪನವರು ಕಿಟಕಿಯ ಪಕ್ಕ ಮುಖ ಗಂಟಿಕ್ಕಿ ಕೂತಿದ್ದರು. ಪಕ್ಕದಲ್ಲಿ ಅವರ ಅಕ್ಕ ಗಂಗಮ್ಮ. ಹಿಂದಿನ ಸೀಟಿನಲ್ಲಿ ಹುಡುಗ, ತೊಡೆಯ ಮೇಲೆ ಹಣ್ಣಿನ ಬುಟ್ಟಿ. ಪಾಪ, ಕರು ಕಳೆದುಕೊಂಡವನ ಹಾಗೆ ಕಾಣುತ್ತಿದ್ದ. ನನ್ನನ್ನು ನೋಡಿದ್ದೇ ಬಸವರಾಜಪ್ಪನವರು ಎದ್ದು ಕೈಮುಗಿದು ನಿಂತರು. ಏಕೆಂದರೆ ಅಷ್ಟು ಹೊತ್ತೂ ನನ್ನ ಕೈಯಲ್ಲಿ ರುದ್ರಣ್ಣನ ಹಾರ ಹಾಗೆಯೇ ಇತ್ತು!

ಗಂಗಮ್ಮನವರು ಏಳಲಿಲ್ಲ. "ಏನ್ರೀ ಬೀಗ್ರೇ, ಸಾವು ಮುಚ್ಚಿಟ್ಟಿದ್ದೂ ಅಲ್ದೆ, ಸತ್ತೋರ ಎಡೆ ಅಡುಗೇಲೇ ನಿಶ್ಚಯದ ಊಟಾನೂ ಮುಗ್ಸಾಣ ಅಂದ್ಕೊಂಡ್ರಾ? ಒಂದೇ ಖರ್ಚಲ್ಲಿ ಎರಡು ಕಾರ್ಯ! ವಿಮೆ ಮಾರೋರ ಲೆಕ್ಕ ಇದೇನಾ?"

ಇಡೀ ಬಸ್ಸು ನನ್ನ ಕಡೆ ತಿರುಗಿತು. "ಅದು... ಫೋನಲ್ಲಿ... ಅರಿಶಿನ..." ಎಂದೆ. ಅದಕ್ಕಿಂತ ಹೆಚ್ಚು ಬರಲಿಲ್ಲ. ದಿನಾ ಸಾವಿನ ಮಾತಾಡಿ ಹೊಟ್ಟೆ ಹೊರೆಯುವವನು ನಾನು. ಒಂದು ಜೀವ ಇದೆ ಎಂದು ಹೇಳಲು ಬಾರದೆ ನಿಂತಿದ್ದೆ.

ಅಷ್ಟರಲ್ಲಿ ನನ್ನ ಬೆನ್ನ ಹಿಂದೆ ಮೆಟ್ಟಿಲು ಹತ್ತಿ, ಕಂಬಿ ಹಿಡಿದು, ನಮ್ಮತ್ತೆ ಮುಂದೆ ಬಂದರು. ಹೋದ ತಿಂಗಳು ಆಸ್ಪತ್ರೆಯಲ್ಲಿ ಅವರನ್ನು ಮಾತಾಡಿಸಲು ಹೋಗಿದ್ದ ಗಂಗಮ್ಮನವರಿಗೆ ಗುರುತು ಹತ್ತಿತು. "ಅಮ್ಮೋ!" ಎಂದು ಚೀರಿ ಎರಡೂ ಕಾಲನ್ನು ಸೀಟಿನ ಮೇಲೆ ಎತ್ತಿಕೊಂಡರು.

"ಹೆದ್ರಬ್ಯಾಡಮ್ಮ. ಮುಟ್ಟಿ ನೋಡು, ಬೆಚ್ಚಗೈತೆ," ಎಂದು ಅತ್ತೆ ಕೈ ಚಾಚಿದರು. "ನಮ್ಮಳಿಯಂದ್ರು ಅಂಗಡಿಗೆ ಹೋಗೋಕೆ ಬೇಜಾರು ಮಾಡ್ಕೊಂಡು ಫೋನ್ ಮಾಡಿದ್ರು. ಅಂಗಡಿಯೋನು ನನ್ನ ಸಾಯಿಸ್ದ. ಸತ್ತ ನಾನೇ ಸಿಟ್ಟು ಮಾಡ್ಕೊಂಡಿಲ್ಲ, ನಿಂದೇನಮ್ಮ? ಮೊಮ್ಮಗಳು ಮನೇಲಿ ಅಳ್ತಾ ಕುಂತೈತೆ. ಇಳೀರಿ, ಹೋಳಿಗೆ ಆರ್ತೈತೆ."

ಗಂಗಮ್ಮನವರು ಅಂಜುತ್ತಂಜುತ್ತ ಒಂದು ಬೆರಳಿನಿಂದ ಮುಟ್ಟಿದರು. ಆಮೇಲೆ ಪೂರಾ ಕೈ ಹಿಡಿದರು. "ಸತ್ತ ಸುದ್ದಿ ಹಬ್ಬಿದೋರಿಗೆ ಆಯಸ್ಸು ಜಾಸ್ತಿ ಅಂತಾರೆ," ಎಂದು ತಮ್ಮನ ಮುಖ ನೋಡಿದರು. "ಇದು ಒಳ್ಳೇ ಶಕುನಾನೇ ಕಣೋ." ಬಸವರಾಜಪ್ಪನವರು ತೀರ್ಮಾನ ಹೇಳುವ ಮೊದಲೇ ಹುಡುಗ ಹಣ್ಣಿನ ಬುಟ್ಟಿಯೊಂದಿಗೆ ಬಸ್ಸಿನಿಂದ ಇಳಿದಾಗಿತ್ತು! ಕಂಡಕ್ಟರು ಸೀಟಿ ಊದುವುದನ್ನೂ ಮರೆತು ನಗುತ್ತಿದ್ದ.

ನಿಶ್ಚಯವೇನೋ ಆಯಿತು. ಊಟದ ಮೇಲೆ ಗಂಗಮ್ಮನವರು ಎಲ್ಲರ ಮುಂದೆ ಒಂದೇ ಒಂದು ಷರತ್ತು ಹಾಕಿದರು. "ಮದ್ವೆ ಸಾಮಾನು ಸರಂಜಾಮು ಎಲ್ಲಾ ನಾವೂ ಮಂಗಳಮ್ಮೋರೂ ನೋಡ್ಕೊಂತೀವಿ. ಹುಡುಗಿ ಅಪ್ಪ ಸುಮ್ನೆ ಕುಂತಿದ್ರೆ ಸಾಕು." ನನ್ನ ಹೆಂಡತಿ ತಕ್ಷಣ ಒಪ್ಪಿದಳು. ನನ್ನ ಮಗಳು ಅದಕ್ಕಿಂತ ಮೊದಲೇ ತಲೆಯಾಡಿಸಿದ್ದಳು.

ಮದುವೆ ಮೊಳಕಾಲ್ಮೂರಿನಲ್ಲಿ ನಡೆಯಿತು. ಹೊಸ ಪಂಚೆ ಉಟ್ಟು ಶಲ್ಯ ಹೊದ್ದು, ಹೇಳಿದಂತೆ ಸುಮ್ಮನೆ ಕೂತಿದ್ದೆ. ಬಸವರಾಜಪ್ಪನವರು ತಮ್ಮ ಕಡೆಯ ಹಿರಿಯರೊಬ್ಬರನ್ನು ಕರೆತಂದು, "ಇವ್ರೇ ನಮ್ಮ ಬೀಗ್ರು. ಚಳ್ಳಕೆರೆ ಚಂದ್ರಶೇಖರಪ್ಪನೋರು," ಎಂದು ಪರಿಚಯಿಸಿದರು. ಹಿರಿಯರು ಕನ್ನಡಕ ಮೇಲೆತ್ತಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಗುರುತು ಸಿಗಲಿಲ್ಲ. ಪಕ್ಕದಲ್ಲಿದ್ದ ಗಂಗಮ್ಮನವರು ಅವರ ಕಿವಿಯಲ್ಲಿ ಏನೋ ಉಸುರಿದರು.

"ಓಹೋಹೋ!" ಹಿರಿಯರ ಮುಖ ಅರಳಿತು. "ಅತ್ತೇನ ಫೋನಲ್ಲೇ ಕೈಲಾಸಕ್ಕೆ ಕಳಿಸಿದ್ರಲ್ಲ, ಅವ್ರಾ!"

ನಾನು ಎದ್ದು ನಿಂತು ಕೈಮುಗಿದೆ. ಅಲ್ಲವೆಂದು ಹೇಳುವ ಹಾಗಿರಲಿಲ್ಲ.