ಹೊಗಳಬೇಡಿ, ದಮ್ಮಯ್ಯ

“ಅಯ್ಯೋ ಎಸೆನ್‌ಕುಲ್, ಎಷ್ಟು ಚೆಂ—”

“ಅನ್ಬೇಡಿ ಅಪಾ! ದಮ್ಮಯ್ಯ, ಆ ಮಾತೊಂದು ಅನ್ಬೇಡಿ!”

ಮೊಸರು ಕೇಳಲು ಬಂದಿದ್ದ ಪಕ್ಕದ ಮನೆಯ ಹಿರಿಯಕ್ಕ ಜೂರಾ ಅಪಾ ತೆರೆದ ಬಾಯಿ ತೆರೆದಂತೆಯೇ ನಿಂತರು. ಮೇಜಿನ ಮೇಲೆ ಹಲಗೆಗೆ ಅಂಟಿಸಿದ ಹಾಳೆ ಇನ್ನೂ ಹಸಿಯಾಗಿತ್ತು. ನೀಲಿ ಬಣ್ಣ ನೀರಿನೊಳಗೆ ತನ್ನ ಪಾಡಿಗೆ ತಾನು ಹರಡಿ, ಬೂದು ಬಣ್ಣವನ್ನು ಮುಟ್ಟಿ, ನಾಚಿ ಹಿಂದೆ ಸರಿದು, ನಡುವೆ ಒಂದಿಷ್ಟು ಬಿಳಿಯನ್ನು ಉಳಿಸಿತ್ತು. ಎಸೆನ್‌ಕುಲ್ ಹಗಲೆಲ್ಲ ಜನರಿಗೆ ಕಟ್ಟುಹಲ್ಲು ಮಾಡಿಕೊಡುವವನು. ಹಲ್ಲಿನಂತೆಯೇ ಕಾಣುವ ಹಲ್ಲು ಮಾಡಿ ಮಾಡಿ ಬೇಸತ್ತು, ಬಿಡುವು ಸಿಕ್ಕಾಗ ಯಾವುದರಂತೆಯೂ ಕಾಣದ ಚಿತ್ರ ಬರೆಯುತ್ತಿದ್ದ.

ಅವರ ಊರು ಕರಕೋಲ್‌ನಲ್ಲಿ, ಅದರಲ್ಲೂ ಅವನ ಹೆಂಡತಿ ಬುರುಲ್ಚಾಳ ಮನೆತನದಲ್ಲಿ, ಒಬ್ಬರು ಮನಸಾರೆ ಹೊಗಳಿದ ವಸ್ತುವನ್ನು ಅವರ ಕೈಗೇ ಕೊಟ್ಟು ಕಳಿಸಬೇಕು. ಇಲ್ಲವಾದರೆ ಮಾನ ಹೋಯಿತು. ಹೋದ ವರ್ಷದ ಚಿತ್ರ ಹೀಗೆಯೇ ಭಾವಮೈದನ ಮನೆ ಸೇರಿ ಒಡೆದ ಕಿಟಕಿಗೆ ಗಾಜಿನ ಕೆಲಸ ಮಾಡುತ್ತಿದೆ. ಅದಕ್ಕೂ ಹಿಂದಿನದು ಯಾರದೋ ಜೇನುಪೆಟ್ಟಿಗೆಯ ಮುಚ್ಚಳವಾಗಿದೆ.

ಇವತ್ತು ಸಂಜೆ ಸಂಸ್ಕೃತಿ ಭವನದಲ್ಲಿ ಬಹುಮಾನವಿರುವ ಚಿತ್ರ ಪ್ರದರ್ಶನ. ಬದುಕಿನಲ್ಲಿ ಮೊದಲ ಸಲ ಅವನ ಚಿತ್ರ ಗೋಡೆಯೇರಿ, ಬಲ್ಲವರು ಅದರ ಮುಂದೆ ನಿಲ್ಲುವವರಿದ್ದರು. ಅಲ್ಲಿಯವರೆಗೆ ಯಾರೂ ಹೊಗಳದಿದ್ದರೆ ಸಾಕು.

“ಕೆಟ್ಟುಹೋಗಿದೆ ಅಪಾ. ಬೆಕ್ಕು ನೀರು ಚೆಲ್ಲಿಬಿಡ್ತು.”

“ನಿಮ್ಮನೇಲಿ ಬೆಕ್ಕೆಲ್ಲಿದೆಯೋ?”

“ಅದಕ್ಕೇ ಓಡಿಸಿಬಿಟ್ಟೆ!”

“ಮೊಸರು ತಗೊಂಡು ಹೋಗಿ ಅಪಾ,” ಎಂದಳು ಅಡುಗೆಮನೆಯಿಂದ ಬುರುಲ್ಚಾ. “ಇವರದು ಬೆಳಗಿಂದ ಹೀಗೇ.”

ಬಣ್ಣ ಆರಿದ್ದೇ ತಡ, ಚಿತ್ರಕ್ಕೆ ಗಾಜಿಲ್ಲದ ಚೌಕಟ್ಟು ಹಾಕಿ ಎದೆಗವಚಿಕೊಂಡು ಹೊರಟ. ಮೆಟ್ಟಿಲ ಬುಡದಲ್ಲಿ ಚದುರಂಗ ಆಡುತ್ತಿದ್ದ ತುರ್ದು ತಾತ ಅಡ್ಡ ಹಾಕಿದರು. “ಏನೋ ಅದು? ತೋರಿಸು.”

“ನೋಡೋ ಅಂಥದ್ದೇನಲ್ಲ ತಾತಾ. ಚಾವಣಿ ಸೋರಿ ಆದ ಕಲೆ.”

“ಚಾವಣಿ ಸೋರ್ತಿದ್ಯಾ! ಮೇಲಿನ ಮನೆಯೋನು ಮತ್ತೆ ನಲ್ಲಿ ಬಿಟ್ಟು ಊರಿಗೆ ಹೋದ್ನಾ? ಏಳ್ರೋ!” ಎಂದವರೇ ಆಟ ಬಿಟ್ಟು ಎದ್ದರು. ಕ್ಷಣದಲ್ಲಿ ಇಡೀ ಕಟ್ಟಡ ಬಕೆಟ್ ಹಿಡಿದು ಅವನ ಮನೆಯತ್ತ ಏರತೊಡಗಿತು. ಬುರುಲ್ಚಾಳ ಕೂಗು ಕೇಳುವ ಮೊದಲೇ ಎಸೆನ್‌ಕುಲ್ ಮಿನಿಬಸ್ ಹತ್ತಿದ್ದ.

ಪಕ್ಕದ ಸೀಟಿನ ಹೆಂಗಸು ಇಣುಕಿದಳು. ಅವಳು ತುಟಿ ಬಿಚ್ಚುವ ಮೊದಲೇ ಅವನೆಂದ: “ಟೀ ಚೆಲ್ಲಿದ್ದು.”

“ಟೀ ಕಲೆಗೆ ನಿಂಬೆಹಣ್ಣಿದೆಯಲ್ಲ!” ಎನ್ನುತ್ತ ಅವಳು ಬುಟ್ಟಿಯಿಂದ ಹಣ್ಣು ತೆಗೆದು, ಕಚ್ಚಿ ಎರಡು ಮಾಡಿ, ಅವನು ಬೇಡ ಬೇಡವೆನ್ನುವಷ್ಟರಲ್ಲಿ ಒಂದು ಮೂಲೆಯನ್ನು ಉಜ್ಜಿಯೇಬಿಟ್ಟಳು. ಎಸೆನ್‌ಕುಲ್ ಕಣ್ಣು ಮುಚ್ಚಿದ. ತೆರೆದು ನೋಡಿದರೆ ಆ ಮೂಲೆಯ ನೀಲಿ ತೆಳುವಾಗಿ, ಸೂರ್ಯ ಹುಟ್ಟುವ ಮುಂಚೆ ಸರೋವರದ ಮೇಲೆ ತೇಲುವ ಬೆಳಕಿನಂತಾಗಿತ್ತು. ‘ಆಹಾ’ ಎನ್ನಲು ಹೋಗಿ ತಾನೇ ಬಾಯಿ ಮುಚ್ಚಿಕೊಂಡ. ಅವಳೂ ಹೌದೆಂದುಬಿಟ್ಟರೆ ಏನು ಗತಿ?

ಅಂತೂ ಚಿತ್ರ ಮೊಳೆಗೆ ಏರಿತು. ಭವನದ ಆ ತುದಿಯಲ್ಲಿ ತೀರ್ಪುಗಾರರು ಕಾಣಿಸಿಕೊಂಡರು. ಒಂದೊಂದೇ ಚಿತ್ರ ನೋಡುತ್ತ, ತಲೆಯಾಡಿಸುತ್ತ ಬರುತ್ತಿದ್ದರು. ಆಗ, ನೀರು ಕುಡಿಯಲು ಒಳಬಂದ ಮುದುಕಿಯೊಬ್ಬಳು ಅವನ ಚಿತ್ರದೆದುರು ನಿಂತಳು.

“ಇದೇನು ಮಗಾ?”

“ಏನೂ ಅಲ್ಲ ಅಜ್ಜೀ, ಹಾಳೆ ದಂಡ. ಮುಂದೆ ಹೋಗಿ, ಅಲ್ಲಿ ಕುದುರೆ ಚಿತ್ರ ಇದೆ.”

ಅವಳು ಕದಲಲಿಲ್ಲ. “ನಮ್ಮ ಯಜಮಾನ ಹೋದ್ಮೇಲೆ ನಂಗೆ ನಿದ್ದೇನೇ ಇಲ್ಲ ಕಣಪ್ಪಾ. ಇದರ ಮುಂದೆ ನಿಂತ್ರೆ ಯಾರೋ ಮೆಲ್ಲಗೆ ರಗ್ಗು ಹೊದಿಸಿದ ಹಾಗಾಗ್ತಿದೆ. ಕಣ್ಣು ಎಳೀತಿದೆ...” ಎನ್ನುತ್ತಲೇ ಗೋಡೆಗೊರಗಿ ಒಂದು ಜೋಂಪು ತೆಗೆದಳು.

ತೀರ್ಪುಗಾರರಿಗೂ ಅವನಿಗೂ ನಡುವೆ ಇನ್ನೊಂದೇ ಚಿತ್ರ. ಚಿತ್ರವನ್ನು ಹಳಿಯಲು ಬೆಳಗಿನಿಂದ ಪಳಗಿದ್ದ ಮಾತು ನಾಲಗೆಯ ತುದಿಗೆ ಬಂದು ಅಲ್ಲೇ ಕರಗಿತು. ಹಾಳೆಯ ಮೇಲೆ ಹರಡಿದ್ದ ನೀಲಿ ಈಗ ಅವನ ಎದೆಯೊಳಗೂ ಹರಡುತ್ತಿತ್ತು. ಕೈಗಳು ತಾವಾಗಿಯೇ ಮೇಲೆದ್ದು ಚಿತ್ರವನ್ನು ಇಳಿಸಿ, ಕಣ್ಣು ಬಿಟ್ಟ ಮುದುಕಿಯ ಕೈಗಿತ್ತವು.

“ಹಾಸಿಗೆ ಎದುರಿಗೆ ತೂಗುಹಾಕಿ ಅಜ್ಜೀ.”

“ನೂರು ವರ್ಷ ಬಾಳು ಮಗಾ,” ಎಂದು ಆಕಳಿಸುತ್ತ ಅವಳು ಹೊರಟಳು.

ಬಾಗಿಲು ಮುಚ್ಚುವುದಕ್ಕೂ ತೀರ್ಪುಗಾರರು ಬಂದು ನಿಲ್ಲುವುದಕ್ಕೂ ಸರಿಹೋಯಿತು.

“ನಿಮ್ಮ ಚಿತ್ರ ಎಲ್ರೀ?” ಎಂದರು ಅವರ ಹಿರಿಯರು.

“ಮಲಗೋಕೆ ಹೋಯ್ತು ಸ್ವಾಮೀ.”

ಹಿರಿಯರು ಅವನನ್ನು ಮೇಲಿಂದ ಕೆಳಗೆ ನೋಡಿದರು. “ಮೊಳೆಯಾದ್ರೂ ಉಳೀತಲ್ಲ,” ಎಂದು ಬೆವರು ಒರೆಸಿಕೊಂಡು, ತಮ್ಮ ತಲೆಯ ಮೇಲಿದ್ದ ಬಿಳಿ ಉಣ್ಣೆಯ ಟೋಪಿ ತೆಗೆದು, ಖಾಲಿ ಮೊಳೆಗೆ ಜೋಪಾನವಾಗಿ ತಗುಲಿಹಾಕಿದರು.