ಹೊಗೆ ಅಳೆಯುವ ನೌಕರಿ

ನಗು ಬರುವ ಸಂಗತಿಗಳೆಲ್ಲ ನನಗೆ ಅಳು ಬರುವ ಹೊತ್ತಿನಲ್ಲೇ ನಡೆಯುತ್ತವೆ. ಯಾಕೆಂದು ಮೊದಲೇ ವಿವರಿಸಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯಲಿಕ್ಕಿಲ್ಲ. ಎರಡು ಸಾವಿರದ ಎಂಟರ ಸುಮಾರಿಗೆ ಹೈದರಾಬಾದಿನ ಒಂದು ದೊಡ್ಡ ಅಂಗಡಿ ಕಂಪನಿ (ದೊಡ್ಡದು ಎಂದರೆ ಊರೂರಿಗೆ ಅಂಗಡಿ ಇರುವಂಥದ್ದು) ಹುಮನಾಬಾದಿನಲ್ಲಿ ಒಂದು, ಬಸವಕಲ್ಯಾಣದಲ್ಲಿ ಒಂದು ಶಾಖೆ ತೆರೆದಿತ್ತು. ಆ ಎರಡರಿಂದ ಗಾಳಿಗೆ ಎಷ್ಟು ಇಂಗಾಲ ಸೇರುತ್ತದೆ, ಅಂದರೆ ಕರೆಂಟು, ಡೀಸೆಲ್, ಲಾರಿ ಎಲ್ಲ ಸೇರಿ ಎಷ್ಟು ಹೊಗೆ, ಎಂದು ನೋಡಿ ಅದನ್ನು ಇಳಿಸುವುದು ನನ್ನ ಕೆಲಸ. ಇಳಿದರೆ ನೌಕರಿ ಕಾಯಂ. ಇಳಿಯದಿದ್ದರೆ ವರ್ಷದ ಕೊನೆಗೆ ಮನೆಗೆ. ನಾನು ಮನೆಗೆ ಬಂದ ಕೂಡಲೇ ಹೆಂಡತಿ ನೀರು ಕೊಡುವ ಮೊದಲೇ ಕೇಳುತ್ತಿದ್ದಳು, “ಹೊಗಿ ಇಳೀತೇನ್ರಿ?”

೧. ಹೊಸ ಚೀಲ

ಹುಮನಾಬಾದಿನಲ್ಲಿ ಪ್ಲಾಸ್ಟಿಕ್ ಕಡಿಮೆಯಾಗಲಿ ಎಂದು ಗಿರಾಕಿಗಳಿಗೆ ಬಟ್ಟೆಯ ಚೀಲ ಪುಕ್ಕಟೆ ಕೊಡಿಸಿದೆ. ಮೊದಲ ಚೀಲ ಪಡೆದ ಹೆಂಗಸು ಅದನ್ನು ತಿರುವಿ ತಿರುವಿ ನೋಡಿ, “ಛಲೋ ಅದರಿ. ಈಗ ಎರಡು ಕ್ಯಾರಿಬ್ಯಾಗ್ ಕೊಡ್ರಿ” ಎಂದಳು.

“ಯಾಕ್ರಿ ಅಕ್ಕಾ? ಸಾಮಾನು ಇದರಾಗೇ ಹಾಕ್ಕೊಂಡು ಹೋಗ್ರಿ.”

“ಹೊಸಾ ಅರಬಿ ಚೀಲ, ಹಿಟ್ಟು ಹಾಕಿ ಹೊಲಸು ಮಾಡ್ಲೇನು? ಒಂದು ಹಿಟ್ಟಿಗಿ, ಒಂದು ಈ ಚೀಲ ಇಡಾಕ.”

ಹಿಂದೆ ನಿಂತವರೆಲ್ಲ ಹೌದೆಂದು ತಲೆಯಾಡಿಸಿದರು. ಆ ವಾರ ಪ್ಲಾಸ್ಟಿಕ್ ಚೀಲ ಸಾಲದೆ ಇನ್ನೊಂದು ಕಟ್ಟು ತರಿಸಬೇಕಾಯಿತು.

೨. ಟೊಮ್ಯಾಟೊ ತಿರುಗಾಟ

ನಮ್ಮ ಟೊಮ್ಯಾಟೊ ಚಿಟಗುಪ್ಪದ್ದು. ಚಿಟಗುಪ್ಪ ಹುಮನಾಬಾದಿಗೆ ಹತ್ತಿರ. ಆದರೆ ಕಂಪನಿಯ ಪದ್ಧತಿಯಂತೆ ಕಾಯಿ ಮೊದಲು ಲಾರಿಯಲ್ಲಿ ಹೈದರಾಬಾದಿನ ಗೋದಾಮಿಗೆ ಹೋಗಬೇಕು, ಅಲ್ಲಿ ಒರೆಸಿ ಚೀಟಿ ಅಂಟಿಸಿಕೊಂಡು ವಾಪಸ್ ಬರಬೇಕು. ಲಾರಿಯ ಆ ಹೊಗೆಯೆಲ್ಲ ನನ್ನ ತಲೆಗೆ. ಒಂದು ದಿನ ಬೆಳೆದ ರೈತನೇ ಅಂಗಡಿಗೆ ಬಂದು ಕಾಯಿ ಹಿಚುಕಿ ನೋಡುತ್ತಿದ್ದ.

“ನಿಮ್ಮವೇ ಏನ್ರಿ ಕಾಕಾ?” ಎಂದೆ.

“ನಮ್ಮವೇ ಇದ್ವರಿ. ಈಗ ಹೈದ್ರಾಬಾದ್ ನೋಡಿ ಬಂದಾವ, ನಮ್ಮ ಗುರ್ತು ಹಿಡಿತಾವೋ ಇಲ್ಲೋ.”

ಟೊಮ್ಯಾಟೊ ಇಲ್ಲಿಯ ರೈತರಿಂದ ನೇರ ಕೊಳ್ಳೋಣ ಎಂದು ಮೇಲಿನವರಿಗೆ ತಿಳಿಸಿದೆ. ಸಂತೋಷಪಟ್ಟು, ತಾಜಾ ಇದೆಯೋ ನೋಡುತ್ತೇವೆ, ಒಂದು ಲಾರಿ ಕಾಯಿ ಹೈದರಾಬಾದಿಗೆ ಕಳಿಸಿ ಎಂದರು.

೩. ಮರ್ಯಾದೆ

ಕೊನೆಯ ಆಸೆ ಬಸವಕಲ್ಯಾಣ. ಅಲ್ಲಿಯ ಮ್ಯಾನೇಜರು ಬಹಳ ಒಳ್ಳೆಯವರು. (ಒಳ್ಳೆಯವರು ಎಂದು ಯಾಕೆ ಹೇಳುತ್ತಿದ್ದೇನೆ ಎಂದರೆ ಮುಂದೆ ಆದದ್ದಕ್ಕೆ ಅದೇ ಕಾರಣ.) ಕರೆಂಟು ಆಗಾಗ ಹೋಗುತ್ತಿತ್ತು, ನಾನು ಹೋದಾಗಲೆಲ್ಲ ಜನರೇಟರ್ ಧಡಧಡ ಹೊಗೆ ಉಗುಳುತ್ತಿತ್ತು. ಕಡಿಮೆ ಹಚ್ಚಿರೆಂದು ಹೇಳಲು ನಾನು ಮತ್ತೆ ಮತ್ತೆ ಹೋದೆ. ಹೋದಷ್ಟೂ ಡೀಸೆಲ್ ಏರಿತು.

ವರ್ಷದ ಕೊನೆಗೆ ಹೈದರಾಬಾದಿನ ಹಿರಿಯರು ಫೋನು ಮಾಡಿದರು. ನಿಮ್ಮ ವರದಿಯಿಂದ ಕಾರಣ ಸಿಕ್ಕಿತು, ಜನರೇಟರ್ ಓಡಿದ್ದು ನೀವು ಹೋದ ದಿನಗಳಲ್ಲಿ ಮಾತ್ರ, ಆದ್ದರಿಂದ ಹೊಗೆ ಇಳಿಸಲು ಮೊದಲು ನಿಮ್ಮನ್ನು ನಿಲ್ಲಿಸುತ್ತಿದ್ದೇವೆ, ಎಂದರು. ಧನ್ಯವಾದವನ್ನೂ ಹೇಳಿದರು.

ಕೊನೆಯ ಸಲ ಹೇಳಿಬರಲು ಕಾಲೆಳೆದುಕೊಂಡು ಬಸವಕಲ್ಯಾಣಕ್ಕೆ ಹೋದೆ. ಕರೆಂಟು ಇರಲಿಲ್ಲ. ಬಾಗಿಲು ತೆರೆದಿಟ್ಟು, ರಟ್ಟಿನಿಂದ ಗಾಳಿ ಹಾಕಿಕೊಳ್ಳುತ್ತ ಎಲ್ಲರೂ ಆರಾಮಾಗಿ ಮಾರುತ್ತಿದ್ದರು. ನನ್ನನ್ನು ಕಂಡದ್ದೇ ಮ್ಯಾನೇಜರು ರಟ್ಟು ಒಗೆದು ಕೂಗಿದರು, “ಸಾಹೇಬ್ರು ಬಂದಾರ, ಜನರೇಟರ್ ಹಚ್ಚರಪ್ಪೋ!”

“ಬ್ಯಾಡ್ರಿ! ಇದರ ಸಲುವಾಗೇ ನನ್ನ ನೌಕರಿ ಹೋಯ್ತರಿ.”

ಅವರ ಮುಖ ಸಣ್ಣದಾಯಿತು. ನನ್ನ ಕೈ ಹಿಡಿದುಕೊಂಡು ಫ್ಯಾನಿನ ಕೆಳಗೆ ಕೂಡಿಸಿದರು. ಆಮೇಲೆ ಅಂಗಡಿಯ ಹುಡುಗರ ಕಡೆ ತಿರುಗಿ ಗದರಿದರು:

“ನೌಕರಿ ಹೋದ ಮನಷ್ಯಾ ಅದಾರ, ಸೆಕಿಯಾಗ ಕೂಡಸ್ತೀರೇನು? ಎಸಿನೂ ಹಚ್ಚರಿ!”